ಟಿಟಿಜಿ ಶಿಲೆಗಳು: ಕರಗಿದ್ದಕ್ಕಿಂತ ಕರಗದೆ ಉಳಿದದ್ದೇನು ನೋಡಿ

ಲಾಲ್‌ಬಾಗ್‌ನ ಬಂಡೆ, ರಾಮನಗರದ ಬೆಟ್ಟ ಎರಡನ್ನೂ ನಾವು ಸಲೀಸಾಗಿ ಗ್ರಾನೈಟ್ ಎಂದುಬಿಡುತ್ತೇವೆ. ಲಾಲ್‌ಬಾಗ್‌ನದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್, ಅಂದರೆ ಶಾಖ, ಒತ್ತಡಗಳಿಂದ ರೂಪಾಂತರಗೊಂಡ ಪಟ್ಟೆಪಟ್ಟೆಯ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟ ಗುಂಪಿಗೆ ಸೇರಿದ್ದು. ರಾಮನಗರದ್ದು ಆ ಊರಿನ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್, ಅದರ ವಯಸ್ಸು ಸುಮಾರು 252 ಕೋಟಿ ವರ್ಷ.

ಪೆನಿನ್ಸುಲಾರ್ ನೈಸ್‌ನ ಬಹುಭಾಗ ಟೋನಲೈಟ್, ಟ್ರೋಂಡ್ಯೆಮೈಟ್, ಗ್ರಾನೋಡಯೊರೈಟ್ ಎಂಬ ಶಿಲೆಗಳಿಂದ ಆದದ್ದು. ಮೂರೂ ಸೇರಿ ಟಿಟಿಜಿ. ಹಾಸನದ ಬಳಿ ಗೊರೂರಿನಲ್ಲಿ ಸುಮಾರು 330 ಕೋಟಿ ವರ್ಷದವೂ ಸಿಗುತ್ತವೆ. ಇವುಗಳಲ್ಲಿ ಸಿಲಿಕಾ ಹೆಚ್ಚು, ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಟಿಟಿಜಿ ಹುಟ್ಟುವುದು ಬಸಾಲ್ಟ್ ಎಂಬ ಕಪ್ಪು ಲಾವಾಶಿಲೆ ಆಳದಲ್ಲಿ ಭಾಗಶಃ ಕರಗಿದಾಗ. ಆ ಮೂಲಶಿಲೆಯಲ್ಲೇ ಪೊಟ್ಯಾಸಿಯಂ ಅಷ್ಟಾಗಿ ಇರಲಿಲ್ಲ, ಹಾಗಾಗಿ ಇದರಲ್ಲಿ ಆಶ್ಚರ್ಯವೇನಿಲ್ಲ.

ನಿಜವಾದ ಸುಳಿವು ಇರುವುದು ಅಲ್ಪ ಪ್ರಮಾಣದ ಧಾತುಗಳಲ್ಲಿ. ನೀರು ಸೇರಿದ ಬಸಾಲ್ಟ್ ಪೂರ್ತಿ ಕರಗುವುದಿಲ್ಲ. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರ್‌ನಲ್ಲಿ ಚರಟ ಉಳಿಯುವ ಹಾಗೆ ಕೆಲವು ಖನಿಜಗಳು ಕೆಳಗೇ ಉಳಿಯುತ್ತವೆ, ತಮಗೆ ಒಗ್ಗುವ ಧಾತುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಾರ್ನೆಟ್‌ಗೆ ಯಟರ್ಬಿಯಂ, ಇಟ್ರಿಯಂ ಬೇಕು. ಪ್ಲೇಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್‌ಗೆ ಸ್ಟ್ರಾನ್ಷಿಯಂ, ಯುರೋಪಿಯಂ. ರುಟೈಲ್‌ಗೆ ನಯೋಬಿಯಂ, ಟ್ಯಾಂಟಲಮ್. ಈಗ ಟಿಟಿಜಿಯ ವಿಶ್ಲೇಷಣೆ ನೋಡಿ: ಯಟರ್ಬಿಯಂ, ಇಟ್ರಿಯಂ ತೀರಾ ಕಡಿಮೆ, ಲ್ಯಾಂಥನಮ್-ಯಟರ್ಬಿಯಂ ಅನುಪಾತ ಹೆಚ್ಚು. ಅಂದರೆ ಗಾರ್ನೆಟ್ ಉಳಿದಿತ್ತು. ಸ್ಟ್ರಾನ್ಷಿಯಂ ಧಾರಾಳ, ಯುರೋಪಿಯಂನ ಕುಸಿತ ಇಲ್ಲವೇ ಇಲ್ಲ ಎನ್ನುವಷ್ಟು. ಅಂದರೆ ಪ್ಲೇಜಿಯೋಕ್ಲೇಸ್ ಕರಗಿಹೋಗಿತ್ತು. ನಯೋಬಿಯಂ ಕಡಿಮೆಯಿದ್ದರೆ ರುಟೈಲ್ ಉಳಿದಿರಬೇಕು. ಗಾರ್ನೆಟ್ ಉಳಿದು ಪ್ಲೇಜಿಯೋಕ್ಲೇಸ್ ಕರಗಬೇಕಾದರೆ ಒತ್ತಡ ಹತ್ತು ಕಿಲೋಬಾರ್‌ಗಿಂತ ಚೆನ್ನಾಗಿ ಮೇಲಿರಬೇಕು, ಆಳ ನಲವತ್ತು ಕಿಲೋಮೀಟರ್ ಆಸುಪಾಸು ಅಥವಾ ಇನ್ನೂ ಕೆಳಗೆ.

ಪರೀಕ್ಷೆಗೆ ಓದುವ ಬಹಳಷ್ಟು ನೋಟ್ಸ್‌ಗಳು ಎಡವುವುದು ಇಲ್ಲಿಯೇ. ಸ್ಟ್ರಾನ್ಷಿಯಂ-ಇಟ್ರಿಯಂ ಅನುಪಾತ ಹೆಚ್ಚಿದೆ ಎಂದಾಕ್ಷಣ "ಸಬ್‌ಡಕ್ಷನ್" (ಒಂದು ಭೂಫಲಕ ಇನ್ನೊಂದರಡಿ ಇಳಿಯುವುದು) ಎಂದು ಬರೆದು ಮುಗಿಸುತ್ತಾರೆ. ಅನುಪಾತ ಹೇಳುವುದು ಆಳವನ್ನು, ಆ ಬಸಾಲ್ಟ್ ಅಷ್ಟು ಆಳಕ್ಕೆ ಇಳಿದ ದಾರಿಯನ್ನಲ್ಲ. ಕೆಳಗಿಳಿಯುವ ಸಾಗರ ಫಲಕ ಕರಗಿದರೂ ಈ ಗುರುತು ಬರುತ್ತದೆ. ದಪ್ಪಗಾದ ಬಸಾಲ್ಟ್ ಪ್ರಸ್ಥಭೂಮಿಯ ತಳ ಕರಗಿದರೂ ಬರುತ್ತದೆ. ವಿವಾದ ಇನ್ನೂ ತೀರಿಲ್ಲ, ಉತ್ತರದಲ್ಲಿ ಎರಡನ್ನೂ ಬರೆಯುವುದೇ ಸರಿ.

ಕ್ಲೋಸ್‌ಪೇಟೆಗೆ ಬಂದರೆ ಲೆಕ್ಕ ಬದಲಾಗುತ್ತದೆ. ಪೊಟ್ಯಾಸಿಯಂ ಏರಿದೆ, ದೊಡ್ಡ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಹಳೆಯ ನೈಸ್ ಮತ್ತೆ ಕರಗಿತು ಎಂದರೆ ಪೊಟ್ಯಾಸಿಯಂ ಏಕೆ ಹೆಚ್ಚಿತೆಂಬುದಕ್ಕೆ ಉತ್ತರ ಸಿಗುತ್ತದೆ. ಆದರೆ ಈ ಗ್ರಾನೈಟ್‌ನ ಸಿಲಿಕಾ ಕಡಿಮೆಯಿರುವ ಭಾಗಗಳಲ್ಲಿ ಮೆಗ್ನೀಸಿಯಂ, ಬೇರಿಯಂ, ಸ್ಟ್ರಾನ್ಷಿಯಂ ಎಲ್ಲವೂ ಹೆಚ್ಚು. ಬರೀ ನೈಸ್ ಕರಗಿದರೆ ಅಷ್ಟು ಮೆಗ್ನೀಸಿಯಂ ಬರುವುದಿಲ್ಲ. ಹಾಗಾಗಿ ಭೂಮಿಯ ಹೊರಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್‌ನಿಂದ ಮೇಲೆದ್ದ ಶಿಲಾಪಾಕ ಆ ಚಿಪ್ಪನ್ನು ಕಾಯಿಸಿ, ಅದರ ಕರಗಿದ ಭಾಗದೊಡನೆ ಬೆರೆತಿದೆ ಎಂಬ ವಿವರಣೆಯೇ ಹೆಚ್ಚು ಹೊಂದುತ್ತದೆ.