ಸೆಕೆಯ ಏರುದಾರಿ

ಬಿಸಿಲು ಬೇರೆ, ಸೆಕೆ ಬೇರೆ. ಕನ್ನಡಕ್ಕೆ ಇದು ಎಂದೋ ಗೊತ್ತಿದ್ದ ಸಂಗತಿ, ಅದಕ್ಕೇ ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ. ಆದರೆ ಉಷ್ಣವಲಯದ ದ್ವೀಪವೊಂದಕ್ಕೆ ಚಾರಣಕ್ಕೋ ಗುಡ್ಡದೋಟಕ್ಕೋ ಹೊರಡುವವರು ಮೊದಲು ನೋಡುವುದು ಥರ್ಮಾಮೀಟರಿನ ಅಂಕಿಯನ್ನು. ‘ಬರೀ 30 ಡಿಗ್ರಿ ತಾನೇ, ನಾವು 40 ಕಂಡವರು’ ಎನ್ನುತ್ತ ಬಿರಬಿರನೆ ಹತ್ತತೊಡಗುತ್ತಾರೆ. ಎರಡು ಗಂಟೆ ಕಳೆಯುವಷ್ಟರಲ್ಲಿ, ಅದೂ ಕಾಡಿನ ನೆರಳಿನಲ್ಲೇ, ತಲೆ ಸುತ್ತಿ ಕೂರುತ್ತಾರೆ. ಬಿಸಿಲೇ ಬೀಳದ ಜಾಗದಲ್ಲಿ ಹೀಗೇಕಾಯಿತು ಎಂಬ ಅಚ್ಚರಿ ಬೇರೆ.

ಇದನ್ನು ನೋಡಲು ರಿಯೂನಿಯನ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿನ ಪೂರ್ವಕ್ಕೆ, ಫ್ರಾನ್ಸಿಗೆ ಸೇರಿದ ಈ ದ್ವೀಪದ ವಿಸ್ತೀರ್ಣ ಸುಮಾರು 2,500 ಚದರ ಕಿ.ಮೀ. ಅಷ್ಟು ಪುಟ್ಟ ಜಾಗದಲ್ಲಿ ಪಿಟೋನ್ ದೆ ನೇಜ್ ಎಂಬ ಹಳೆಯ ಅಗ್ನಿಪರ್ವತ ಕಡಲಿನಿಂದ 3,070 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ಅದರ ಮೈ ಕುಸಿದು, ಮಳೆಗೆ ಸವೆದು, ಸುತ್ತ ಮೂರು ದೈತ್ಯ ಬೋಗುಣಿಗಳಾಗಿವೆ: ಮಾಫಾಟ್, ಸಾಲಾಜಿ, ಸಿಲಾವೋಸ್. ಮಾಫಾಟ್ ಒಳಗಿನ ಊರುಗಳಿಗೆ ಇವತ್ತಿಗೂ ವಾಹನದ ರಸ್ತೆಯಿಲ್ಲ. ನಡೆದು ಹೋಗಬೇಕು, ಇಲ್ಲವೇ ಹೆಲಿಕಾಪ್ಟರ್ ಏರಬೇಕು. ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಅಡಗಿದ್ದ ಕಣಿವೆ ಅದು. ಗುಲಾಮಗಿರಿ ಇಲ್ಲಿ ಕೊನೆಗೊಂಡದ್ದು 1848ರ ಡಿಸೆಂಬರಿನಲ್ಲಿ. ಬೆನ್ನಟ್ಟಿ ಬಂದವರು ಹತ್ತಲು ಹೆಣಗುತ್ತಿದ್ದ ಕಡಿದಾದ ಏರುಗಳನ್ನು ಈಗ ಜನ ಹಣ ಕೊಟ್ಟು ಹತ್ತುತ್ತಾರೆ. ಪ್ರತಿ ಅಕ್ಟೋಬರಿನಲ್ಲಿ ದಕ್ಷಿಣದ ಸೇಂಟ್ ಪಿಯೆರ್‌ನಿಂದ ಉತ್ತರದ ಸೇಂಟ್ ಡೆನಿಸ್‌ಗೆ, ದ್ವೀಪವನ್ನೇ ಅಡ್ಡ ದಾಟುವ ಓಟ ನಡೆಯುತ್ತದೆ. ದೂರ 160 ಕಿ.ಮೀ. ಮೀರುತ್ತದೆ, ಒಟ್ಟು ಏರು ಸುಮಾರು 10,000 ಮೀಟರ್. ಅದಕ್ಕೆ ‘ಹುಚ್ಚರ ಕರ್ಣರೇಖೆ’ ಎಂದು ಅಲ್ಲಿಯವರೇ ಹೆಸರಿಟ್ಟಿದ್ದಾರೆ.

ಬೆವರಿನ ಲೆಕ್ಕಕ್ಕೆ ಬರೋಣ. ಬೆವರು ಸುರಿದಷ್ಟೂ ಮೈ ತಣ್ಣಗಾಗುತ್ತದೆ ಎಂಬುದು ಎಲ್ಲರ ನಂಬಿಕೆ, ಮತ್ತು ಅದು ತಪ್ಪು. ಬೆವರು ಸುರಿಯುವುದರಿಂದ ಏನೂ ಆಗುವುದಿಲ್ಲ, ಆರಬೇಕು. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 2,400 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಅದೇ ಗ್ರಾಂ ಗದ್ದದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಲಾಭ ಸೊನ್ನೆ, ನೀರು ಮತ್ತು ಉಪ್ಪು ಮಾತ್ರ ನಷ್ಟ. ಬೆವರು ಚೆಕ್ ಇದ್ದ ಹಾಗೆ; ಗಾಳಿ ಎಂಬ ಬ್ಯಾಂಕು ಅದನ್ನು ಒಪ್ಪಿಕೊಂಡರಷ್ಟೇ ನಗದು. ಮಣ್ಣಿನ ಹೂಜಿಯ ನೀರು ಬೇಸಿಗೆಯಲ್ಲಿ ತಣ್ಣಗಿದ್ದು, ಜಡಿಮಳೆಯ ದಿನ ಮಾಮೂಲಾಗಿಬಿಡುವುದೂ ಇದೇ ಕಾರಣಕ್ಕೆ. ಹೂಜಿಯ ಮೈ ಎರಡೂ ದಿನ ಒದ್ದೆಯೇ, ಮಳೆಯ ದಿನ ಗಾಳಿಯಲ್ಲಿ ಮಾತ್ರ ಆವಿಗೆ ಜಾಗವಿಲ್ಲ.

ಆ ‘ಜಾಗ’ವನ್ನು ಅಳೆಯಬಹುದು. ಬೆವರಿದ ಚರ್ಮ 35 ಡಿಗ್ರಿಯಲ್ಲಿದ್ದರೆ ಅದರ ಮೇಲಿನ ಆವಿಯ ಒತ್ತಡ ಸುಮಾರು 5.6 ಕಿಲೋಪಾಸ್ಕಲ್. ಮರುಭೂಮಿಯ 40 ಡಿಗ್ರಿ, 20 ಶೇಕಡಾ ಆರ್ದ್ರತೆಯ ಗಾಳಿಯಲ್ಲಿ ಆವಿಯ ಒತ್ತಡ 1.5. ನಡುವಿನ ಅಂತರ 4.1. ದ್ವೀಪದ ಕಾಡಿನ 30 ಡಿಗ್ರಿ, 85 ಶೇಕಡಾ ಗಾಳಿಯಲ್ಲಿ ಒತ್ತಡ 3.6, ಅಂತರ ಬರೀ 2. ಬೆವರನ್ನು ಆರಿಸುವುದು ಈ ಅಂತರವೇ. ಅಂದರೆ ಹತ್ತು ಡಿಗ್ರಿ ‘ತಂಪಾದ’ ಕಾಡು ಮರುಭೂಮಿಯ ಅರ್ಧದಷ್ಟು ಬೆವರನ್ನು ಮಾತ್ರ ಆರಿಸಬಲ್ಲದು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ಈ ವಿಷಯ ತಾನಾಗಿ ತಿಳಿಯುತ್ತದೆ: ಮರುಭೂಮಿಯಲ್ಲಿ ಅದು 23ರ ಆಸುಪಾಸು ತೋರಿಸಿದರೆ ಕಾಡಿನಲ್ಲಿ 28 ತೋರಿಸುತ್ತದೆ.

ಇದರ ಇತಿಹಾಸ ಸ್ವಾರಸ್ಯದ್ದು. 1775ರಲ್ಲಿ ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿಚಿತ್ರ ವರದಿಯೊಂದನ್ನು ಪ್ರಕಟಿಸಿದ. ಒಲೆ ಉರಿಸಿ 120 ಡಿಗ್ರಿ ಮೀರಿಸಿದ ಕೋಣೆಯೊಳಗೆ ಅವನೂ ಗೆಳೆಯರೂ ನಿಮಿಷಗಟ್ಟಲೆ ನಿಂತು, ಆರಾಮಾಗಿ ಹೊರಬಂದಿದ್ದರು. ಜೊತೆಗೆ ಇಟ್ಟ ಮಾಂಸದ ತುಂಡು ಅಲ್ಲೇ ಬೆಂದುಹೋಗಿತ್ತು. ಒಣಗಾಳಿ ಬೆವರನ್ನು ಹೀರುತ್ತಿದ್ದ ತನಕ ಮನುಷ್ಯರು ಬೇಯಲಿಲ್ಲ, ಅಷ್ಟೇ. ಮುಂದೆ 1905ರಲ್ಲಿ ಶರೀರವಿಜ್ಞಾನಿ ಜೆ.ಎಸ್. ಹಾಲ್ಡೇನ್ ಗಣಿಗಳ ಬಿಸಿಯನ್ನು ಅಧ್ಯಯನ ಮಾಡುತ್ತ ತೋರಿಸಿದ್ದು ಇದರ ಇನ್ನೊಂದು ಮುಖ: ಗಾಳಿಯಾಡದ ಕಡೆ ಒದ್ದೆ ಥರ್ಮಾಮೀಟರು 31 ಡಿಗ್ರಿ ದಾಟಿತೆಂದರೆ, ಅಂಗಿ ಬಿಚ್ಚಿ ಸುಮ್ಮನೆ ಕೂತವನ ಮೈಯೂ ಬಿಸಿಯೇರತೊಡಗುತ್ತದೆ. ದುಡಿಯುವವನಿಗೆ ಮಿತಿ ಇನ್ನೂ ಕೆಳಗೆ. 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಿಗಾಗಿ ರೂಪಿಸಿದ ಸೆಕೆಯ ಸೂಚ್ಯಂಕವೂ ಇದೇ ಹಾದಿಯದು. ಅದರಲ್ಲಿ ಒದ್ದೆ ಥರ್ಮಾಮೀಟರಿಗೆ 70 ಶೇಕಡಾ ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳಕ್ಕೆ 20. ನಾವೆಲ್ಲ ಹಗಲಿಡೀ ಚರ್ಚಿಸುವ ಮಾಮೂಲಿ ಉಷ್ಣಾಂಶಕ್ಕೆ ಉಳಿದದ್ದು 10 ಮಾತ್ರ!

ಈಗ ಇದನ್ನು ಏರುದಾರಿಗೆ ತನ್ನಿ. ಬೆನ್ನಚೀಲ ಸೇರಿ 75 ಕಿಲೋ ತೂಗುವವರು ಗಂಟೆಗೆ 600 ಮೀಟರ್ ಎತ್ತರ ಏರುತ್ತಿದ್ದಾರೆ ಎನ್ನಿ. ಮೇಲೆತ್ತುವ ಕೆಲಸಕ್ಕೆ ಬೇಕಾದದ್ದು ಸುಮಾರು 120 ವ್ಯಾಟ್. ಸ್ನಾಯುಗಳು ಉರಿಸಿದ್ದರಲ್ಲಿ ಕಾಲುಪಾಲು ಮಾತ್ರ ಕೆಲಸಕ್ಕೆ ಸಲ್ಲುವುದರಿಂದ ಮೈಯಲ್ಲಿ ಉಳಿಯುವ ಶಾಖ 350 ವ್ಯಾಟ್ ದಾಟುತ್ತದೆ. ಸಪಾಟು ನೆಲದಲ್ಲಿ ಓಡುವವರಿಗೂ ಶಾಖ ಹುಟ್ಟುತ್ತದೆ, ಆದರೆ ಓಟವೇ ಬೀಸಣಿಗೆ. ಗಂಟೆಗೆ ಎರಡು ಮೂರು ಕಿ.ಮೀ. ವೇಗದಲ್ಲಿ ಹತ್ತುವವರಿಗೆ ಆ ಗಾಳಿಯೂ ಇಲ್ಲ, ಮರಗಳು ಕಡಲಗಾಳಿಯನ್ನೂ ತಡೆದಿರುತ್ತವೆ. ಬೆವರು ಆರದೆ ಬರೀ 100 ವ್ಯಾಟ್ ಶಾಖ ಮೈಯಲ್ಲೇ ಉಳಿದರೂ 70 ಕಿಲೋ ದೇಹದ ಉಷ್ಣಾಂಶ ಗಂಟೆಗೆ ಒಂದೂವರೆ ಡಿಗ್ರಿ ಏರುತ್ತದೆ. 37ರಿಂದ 40ಕ್ಕೆ ಎರಡೇ ಗಂಟೆ. ಮೊದಲ ಪ್ಯಾರಾದಲ್ಲಿ ತಲೆ ಸುತ್ತಿ ಕೂತವರ ಲೆಕ್ಕ ಇಷ್ಟೇ.

ಪರಿಹಾರಗಳೂ ಇದೇ ಲೆಕ್ಕದಿಂದ ಹೊರಡುತ್ತವೆ. ಮೊದಲನೆಯದು ನಿಧಾನ, ಶಾಖ ಹುಟ್ಟುವ ಕಡೆಯೇ ಕಡಿಮೆ ಮಾಡುವುದು. ತೊರೆ ಸಿಕ್ಕಲ್ಲಿ ಟೋಪಿ, ಕತ್ತು, ಮುಂಗೈ ನೆನೆಸಿಕೊಳ್ಳಿ. ತಣ್ಣೀರು ಮುಟ್ಟಿಯೇ ಶಾಖ ಎಳೆಯುತ್ತದೆ, ಅದಕ್ಕೆ ಗಾಳಿಯ ಅನುಮತಿ ಬೇಡ. ಅಂಗೈ ಮುಳುಗಿಸುವುದು ಇನ್ನೂ ಒಳ್ಳೆಯದು, ಅಲ್ಲಿ ರಕ್ತವನ್ನು ಚರ್ಮದ ಹತ್ತಿರಕ್ಕೆ ತರುವ ವಿಶೇಷ ನಾಳಗಳಿವೆ. ತೊಟ್ಟಿಕ್ಕುವ ಬೆವರನ್ನು ಒರೆಸಿದರೆ ತಪ್ಪಿಲ್ಲ. ತೆಳುವಾಗಿ ಪಸೆಯಂತಿರುವುದನ್ನು ಒರೆಸಿದರೆ ಚೆಕ್ ಹರಿದು ಹಾಕಿದಂತೆ. ಹೊಸ ಹವೆಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು. ಮೊದಲ ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ವಿಮಾನ ಇಳಿದ ಮರುದಿನವೇ ಶಿಖರಕ್ಕೆ ಹೊರಡುವವರಿಗೆ ಈ ಯಾವ ಸೌಲಭ್ಯವೂ ಇರುವುದಿಲ್ಲ.

‘ಬೆವರಿನಲ್ಲಿ ವಿಷ ಹೊರಹೋಗುತ್ತದೆ’ ಎನ್ನುವವರಿಗೆ ಒಂದು ಮಾತು: ಬೆವರಿನ 99 ಶೇಕಡಾ ನೀರು, ಉಳಿದದ್ದು ಮುಖ್ಯವಾಗಿ ಉಪ್ಪು. ಕಸ ಹೊರಹಾಕಲು ಮೂತ್ರಪಿಂಡವಿದೆ, ಯಕೃತ್ತಿದೆ. ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಏರು ಓಡುವ ‘ಕೊಬ್ಬು ಕರಗಿಸುವ’ ಸಾಹಸ ಕರಗಿಸುವುದು ನೀರನ್ನು ಮಾತ್ರ. ಇದಕ್ಕಿಂತ ಅಪಾಯದ ನಂಬಿಕೆ ‘ಎಷ್ಟು ಕುಡಿದರೂ ಒಳ್ಳೆಯದೇ’ ಎಂಬುದು. ದೀರ್ಘ ಶ್ರಮದಲ್ಲಿ ದೇಹ ಮೂತ್ರವನ್ನು ತಡೆಹಿಡಿಯುತ್ತದೆ. ಆಗ ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ, ಮೆದುಳು ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ಗೊಂದಲ ಎಲ್ಲ ನೀರಿನ ಕೊರತೆಯಂತೆಯೇ ಕಾಣುವುದರಿಂದ ಜೊತೆಯವರು ಇನ್ನಷ್ಟು ನೀರು ಕುಡಿಸುತ್ತಾರೆ. ಹೆಚ್ಚಿನವರಿಗೆ ಗಂಟೆಗೆ 400ರಿಂದ 800 ಮಿ.ಲೀ. ಸಾಕು, ಬಾಯಾರಿಕೆ ನೋಡಿ ಹೊಂದಿಸಿಕೊಳ್ಳಬೇಕು, ಜೊತೆಗೆ ಉಪ್ಪಿನ ತಿನಿಸಿರಲಿ. ಹೊರಡುವ ಮುನ್ನ ಮತ್ತು ಮರಳಿದ ಮೇಲೆ ತೂಗಿ ನೋಡಿ: ತುಸು ಇಳಿದಿದ್ದರೆ ಸರಿ, ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ಇನ್ನು ಮೈ ಕೆಂಡದಂತಾಗಿ ಮಾತು ತಡವರಿಸತೊಡಗಿದರೆ ಅದು ಶಾಖಾಘಾತ. ಅಲ್ಲೇ ನಿಲ್ಲಿಸಿ, ಸಿಕ್ಕ ನೀರಿನಲ್ಲಿ ತಲೆ ಮೇಲಿಟ್ಟು ಮೈ ಮುಳುಗಿಸಬೇಕು. ತಣಿಸುವುದು ಮೊದಲು, ಹೊತ್ತೊಯ್ಯುವುದು ಆಮೇಲೆ.

ಇಷ್ಟೆಲ್ಲ ಕಾಡಿದ ಆವಿಯೇ ಮೇಲೇರಿ ಮೋಡವಾಗುತ್ತದೆ. ಬೆಳಗಿನ ಬಿಸಿಲಿಗೆ ಇಳಿಜಾರು ಕಾದಂತೆ ಕಡಲಿನ ತೇವದ ಗಾಳಿ ಬೆಟ್ಟದ ಮೈಗೆ ಒರಗಿಕೊಂಡು ಏರುತ್ತದೆ, ತಣಿಯುತ್ತದೆ, ಹತ್ತು ಗಂಟೆಯ ಹೊತ್ತಿಗೆ ನಡುಎತ್ತರವೆಲ್ಲ ಮಂಜು. ಸುಮಾರು 2,000 ಮೀಟರ್ ಮೇಲೆ ಸಾಮಾನ್ಯವಾಗಿ ಬೆಚ್ಚನೆಯ ಒಣಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುವುದರಿಂದ ತುದಿಗಳು ಮೋಡದ ಮೇಲೆ ತೇಲುತ್ತವೆ. ಪಿಟೋನ್ ದೆ ನೇಜ್‌ಗೆ ಹೋಗುವವರು 2,480 ಮೀಟರಿನ ತಂಗುಮನೆಯಲ್ಲಿ ಮಲಗಿ, ಕತ್ತಲಲ್ಲೇ ಎದ್ದು ಹತ್ತುವುದು ಸೂರ್ಯೋದಯದ ಮೋಹಕ್ಕಷ್ಟೇ ಅಲ್ಲ, ಮೋಡಕ್ಕಿಂತ ಮುಂಚೆ ಇಳಿಯಲು. ಕರಾವಳಿಯಲ್ಲಿ 28 ಡಿಗ್ರಿ ಇದ್ದರೆ ತುದಿಯಲ್ಲಿ 8 ಇರಬಹುದು. ಜುಲೈ, ಆಗಸ್ಟಿನ ಕೆಲವು ನಸುಕುಗಳಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುವುದೂ ಉಂಟು. ಕೆಳಗೆ ಆರಲೊಲ್ಲದ ಬೆವರು ಇಲ್ಲಿ ಒಣಗಾಳಿಗೆ ಭರ್ರನೆ ಆರಿ, ಗ್ರಾಂಗೆ ಅದೇ 2,400 ಜೂಲ್ ಕಿತ್ತುಕೊಂಡು ನಡುಕ ಹುಟ್ಟಿಸುತ್ತದೆ. ಚೀಲದ ತಳದಲ್ಲಿ ಒಂದು ಒಣ ಅಂಗಿ, ನೀರು ನುಗ್ಗದ ಹೊದಿಕೆಯಲ್ಲಿ ಸುತ್ತಿ ಇಟ್ಟಿರಬೇಕು.

ಆ ನಸುಕಿನಲ್ಲಿ ಬೆನ್ನಿಗೆ ಸೂರ್ಯ, ಎದುರಿಗೆ ಮೋಡವಿದ್ದರೆ ನಿಮ್ಮದೇ ದೈತ್ಯ ನೆರಳು, ತಲೆಯ ಸುತ್ತ ಬಣ್ಣದ ಪ್ರಭಾವಳಿ ಸಹಿತ ಕಾಣಬಹುದು. ದೆವ್ವವೂ ಅಲ್ಲ, ದೈವಕೃಪೆಯೂ ಅಲ್ಲ, ಮೋಡದ ಹನಿಗಳು ಬೆಳಕನ್ನು ಹಿಂದಕ್ಕೆ ಚೆದುರಿಸಿದ್ದು. ಪಕ್ಕದಲ್ಲಿ ನಿಂತವರಿಗೆ ಪ್ರಭಾವಳಿ ಕಾಣುವುದು ಅವರವರ ತಲೆಯ ಸುತ್ತ ಮಾತ್ರ! 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ತುದಿಯಲ್ಲಿ ಇಂಥದ್ದನ್ನು ಕಂಡು ಮರುಳಾದ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ಪ್ರಯೋಗಾಲಯದಲ್ಲಿ ಮೋಡ ಮಾಡಲು ಹೋಗಿ, ಪರಮಾಣುವಿನ ಕಣಗಳ ಜಾಡು ತೋರಿಸುವ ಮೋಡದ ಪೆಟ್ಟಿಗೆ ಕಟ್ಟಿದ. 1927ರಲ್ಲಿ ನೊಬೆಲ್ ಬಂತು.

ಇಳಿಯುವಾಗ ಗಮನವೆಲ್ಲ ಕಾಲಡಿ. ಎತ್ತರದ ಬೂದಿಮಣ್ಣಿಗೆ ಒಂದು ಕುತಂತ್ರವಿದೆ: ನೋಡಲು ಗಟ್ಟಿ, ತುಳಿದಾಗ ತನ್ನೊಳಗಿನ ನೀರು ಬಿಟ್ಟು ಬೆಣ್ಣೆಯಾಗುತ್ತದೆ, ಬಿಟ್ಟರೆ ಮತ್ತೆ ಬಿಗಿಯುತ್ತದೆ. ಅಲ್ಲಿ 5–6 ಮಿ.ಮೀ. ಹಲ್ಲಿನ, ಹಲ್ಲುಗಳ ನಡುವೆ ಧಾರಾಳ ಜಾಗವಿರುವ ಅಟ್ಟೆ ಬೇಕು, ಇಲ್ಲದಿದ್ದರೆ ಕೆಸರು ತುಂಬಿ ಬೂಟು ಚಪ್ಪಟೆ ಹಲಗೆಯಾಗುತ್ತದೆ. ಹಾವಸೆ ಹಿಡಿದ ಒದ್ದೆ ಕಪ್ಪುಕಲ್ಲಿನ ಮೇಲೆ ಹಲ್ಲು ಎಷ್ಟಿದ್ದರೂ ಉಪಯೋಗವಿಲ್ಲ, ಅಲ್ಲಿ ಹಿಡಿಯುವುದು ರಬ್ಬರಿನ ಮೆದುತನ. ಚಿಕ್ಕ ಹೆಜ್ಜೆ, ಪಾದ ಪೂರ್ತಿ ನೆಲಕ್ಕೆ, ಭಾರ ನೇರ ಕೆಳಗೆ. ಹಿಮ್ಮಡಿ ಮುಂದೆ ಚಾಚಿದವರು ಕೂತೇ ಇಳಿಯುತ್ತಾರೆ. ಕೆಸರು ತಪ್ಪಿಸಲು ದಾರಿಯ ಅಂಚಿನಲ್ಲಿ ನಡೆಯುವುದು ಎಲ್ಲಕ್ಕಿಂತ ಕೆಟ್ಟ ಚಾಳಿ. ಬೇರು ಸತ್ತು ಅಂಚು ಕುಸಿಯುತ್ತದೆ, ದಾರಿ ಅಗಲವಾಗುತ್ತದೆ, ಮಳೆಯ ನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ದಾರಿಗೆ ಓರೆಯಾಗಿ ಹುಗಿದ ಮರದ ತುಂಡುಗಳು ಮೆಟ್ಟಿಲಲ್ಲ, ನೀರನ್ನು ಪಕ್ಕಕ್ಕೆ ತಿರುಗಿಸುವ ಒಡ್ಡುಗಳು. ಅವುಗಳನ್ನು ಬಳಸಿ ಹೋಗದೆ ದಾಟಿಯೇ ಹೋಗಬೇಕು.

ಮಳೆ ಎಂದರೆ ಎಂಥ ಮಳೆ! ಪಶ್ಚಿಮ ಕರಾವಳಿಗೆ ವರ್ಷಕ್ಕೆ ಒಂದು ಮೀಟರೂ ಬೀಳದ ಇದೇ ದ್ವೀಪದಲ್ಲಿ, 1966ರ ಜನವರಿಯ ಚಂಡಮಾರುತದಲ್ಲಿ ಫೋಕ್-ಫೋಕ್ ಎಂಬಲ್ಲಿ 24 ಗಂಟೆಗೆ 1,825 ಮಿ.ಮೀ. ಸುರಿಯಿತು; ಅದು ವಿಶ್ವದಾಖಲೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಆಗ ದಾರಿ ಮುಚ್ಚಿದೆ ಎಂಬ ಫಲಕ ಕಂಡರೆ ವಾದ ಬೇಡ. ಮಾಮೂಲಿ ಮಳೆಯೇ ಸಾಕಷ್ಟು ಅಪಾಯ: 10 ಚದರ ಕಿ.ಮೀ. ಕಣಿವೆಗೆ ಗಂಟೆಯಲ್ಲಿ 100 ಮಿ.ಮೀ. ಬಿದ್ದು ಎಲ್ಲ ಒಂದೇ ಹೊಳೆಗೆ ಇಳಿದರೆ ಸೆಕೆಂಡಿಗೆ 280 ಘನ ಮೀಟರ್ ನೀರು. ಮಳೆ ಬೀಳುವುದು ಮೇಲೆ, ಕಾಣದ ಜಾಗದಲ್ಲಿ. ನೀವು ನಿಂತ ಕಡೆ ಬಿಸಿಲೇ ಇರಬಹುದು. ತಿಳಿನೀರು ಕಂದಾದರೆ, ಹಸಿ ಎಲೆ ಕಡ್ಡಿ ತೇಲಿಬಂದರೆ, ಹೊಳೆಯ ಸದ್ದು ಬದಲಾದರೆ ದಾಟಬೇಡಿ. ದಾಟುವಾಗಲೂ ನೀರು ಮೊಣಕಾಲು ಮೀರಬಾರದು, ಮುಖ ಹರಿವಿನ ಎದುರಿಗಿರಬೇಕು, ಚೀಲದ ಸೊಂಟದ ಪಟ್ಟಿ ಬಿಚ್ಚಿರಬೇಕು. ಕಾಲಿನ ಗಾಯಕ್ಕೆ ಮೊದಲೇ ನೀರು ತಾಗದ ಪಟ್ಟಿ ಅಂಟಿಸಿಕೊಳ್ಳಿ, ಇಲಿಜ್ವರದ ಬ್ಯಾಕ್ಟೀರಿಯಾ ಒಳಹೋಗುವ ಬಾಗಿಲು ಅದೇ. ನೀರು ಏರತೊಡಗಿದರೆ ಹೊಳೆಯ ಗುಂಟ ಕೆಳಕ್ಕೆ ಓಡಿ ಅದನ್ನು ಸೋಲಿಸಲಾಗದು. ಪಕ್ಕದ ದಡವನ್ನು ನೆಟ್ಟಗೆ ಹತ್ತಿ, ಹೊಳೆ ಇಳಿಯುವವರೆಗೆ ಅಲ್ಲೇ ಕೂರಬೇಕು.