ಪೈಲ್ಸ್ ಅಂದುಕೊಂಡು ಬರುವ ಫಿಷರ್

ಕುರ್ಚಿ ತೋರಿಸಿದರೂ ಕೂರುವುದಿಲ್ಲ. ಕೂತರೂ ಒಂದು ಪಕ್ಕಕ್ಕೆ ವಾಲಿ, ತುದಿಯಲ್ಲಿ. ಮೊನ್ನೆ ಬಂದ ಲಾರಿ ಡ್ರೈವರ್ ಕೂಡ ಹೀಗೇ, ಎಪಿಎಂಸಿಯಿಂದ ಮೆಕ್ಕೆಜೋಳ ಹೇರಿಕೊಂಡು ಹೋಗುವವರು. ‘ಪೈಲ್ಸ್ ಆಗೇತಿ ಸರ್, ನಾಲ್ಕು ತಿಂಗಳಾತು. ಕಕ್ಕಸಿಗೆ ಕೂತ್ರೆ ಗಾಜಿನ ಚೂರು ಇಳಿದಂಗೆ ಆಗ್ತತಿ, ಆಮೇಲೆ ಎರಡು ತಾಸು ಸ್ಟೇರಿಂಗ್ ಮುಂದೆ ಕೂರಾಕ ಆಗಲ್ಲ’ ಅಂದರು.

ದಾವಣಗೆರೆಯಲ್ಲಿ ಆ ಜಾಗದಲ್ಲಿ ಏನೇ ಆದರೂ ಅದು ಪೈಲ್ಸೇ! ಆದರೆ ಪೈಲ್ಸ್ ಸಾಮಾನ್ಯವಾಗಿ ನೋಯುವುದಿಲ್ಲ, ರಕ್ತ ಹೋಗುತ್ತದೆ ಅಷ್ಟೇ. ಹೀಗೆ ಕೊಯ್ದ ಹಾಗೆ ನೋವು, ಆಮೇಲೂ ಗಂಟೆಗಟ್ಟಲೆ ಉರಿ ಅಂದರೆ ಬಹುತೇಕ ಫಿಷರ್. ಗುದದ್ವಾರದ ಅಂಚಿನಲ್ಲಿ ಚರ್ಮ ಸೀಳಿರುತ್ತದೆ, ಹೆಚ್ಚಿನವರಲ್ಲಿ ಹಿಂಭಾಗದ ನಡುವೆ. 6–8 ವಾರ ದಾಟಿದರೆ ಅದನ್ನು ಹಳೆಯ ಫಿಷರ್ ಅನ್ನುತ್ತೇವೆ. ಆಗ ಹೊರಗೆ ಚರ್ಮದ ಒಂದು ಸಣ್ಣ ಕುಚ್ಚು ಬೆಳೆದಿರುತ್ತದೆ, ಜನ ಅದನ್ನೇ ಮುಟ್ಟಿ ನೋಡಿಕೊಂಡು ‘ಮೊಳಕೆ ಬಂದೈತಿ’ ಅಂತಾರೆ.

ಇಷ್ಟು ಚಿಕ್ಕ ಸೀಳು ಯಾಕೆ ಮಾಯುವುದಿಲ್ಲ? ಅಲ್ಲಿ ಉಂಗುರದ ಹಾಗೆ ಎರಡು ಸ್ನಾಯು ಇವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ. ಒಳಗಿನದು ಕೇಳುವುದಿಲ್ಲ. ಗಾಯಕ್ಕೆ ಗಟ್ಟಿ ಮಲ ತಾಗಿದಾಗ ಒಳಗಿನದು ಮುಷ್ಟಿ ಹಿಡಿದ ಹಾಗೆ ಬಿಗಿಯುತ್ತದೆ, ಬಿಗಿದರೆ ಗಾಯಕ್ಕೆ ರಕ್ತ ಪೂರೈಕೆ ಕಡಿಮೆ, ರಕ್ತ ಸಿಗದ ಗಾಯ ಮಾಯುವುದಿಲ್ಲ, ಮರುದಿನ ಬೆಳಿಗ್ಗೆ ಮತ್ತೆ ಅದೇ ಜಾಗ ಸೀಳುತ್ತದೆ. ನೋವಿಗೆ ಹೆದರಿ ಕಕ್ಕಸಿಗೆ ಹೋಗುವುದನ್ನೇ ಮುಂದೂಡಿದರೆ ಮಲ ಇನ್ನೂ ಗಟ್ಟಿ. ಹಾಗಾಗಿ ನಾವು ಔಷಧ ಕೊಡುವುದು ಗಾಯಕ್ಕಿಂತ ಜಾಸ್ತಿ ಆ ಬಿಗಿತಕ್ಕೆ.

ಡಿಲ್ಟಿಯಾಜೆಮ್ 2% ಮುಲಾಮು ಮಾಡುವ ಕೆಲಸ ಅದೇ. ಕಡಲೆಕಾಳಿನಷ್ಟು, ದಿನಕ್ಕೆ 2–3 ಸಲ, ಬೆರಳಿನಿಂದ ಅಂಚಿಗೆ ಮತ್ತು ಸ್ವಲ್ಪ ಒಳಗೆ ಹಚ್ಚಬೇಕು. 6–8 ವಾರ! ಎಲ್ಲರೂ ಎಡವುವುದು ಇಲ್ಲೇ. ಹತ್ತು ದಿನಕ್ಕೆ ನೋವು ಇಳಿಯುತ್ತದೆ, ಟ್ಯೂಬು ಕಪಾಟು ಸೇರುತ್ತದೆ, ತಿಂಗಳಾದ ಮೇಲೆ ‘ನಿಮ್ಮ ಔಷಧ ಹಿಡಿಲಿಲ್ಲ ಸರ್’ ಅಂತ ಬರುತ್ತಾರೆ. ನಮ್ಮ ಡ್ರೈವರ್ ಮೆಡಿಕಲ್ ಶಾಪಿನಿಂದ ತಂದು ಹಚ್ಚುತ್ತಿದ್ದದ್ದು ಬರೀ ಮರಗಟ್ಟಿಸುವ ಮುಲಾಮು, ಅದು ಬಿಗಿತ ಬಿಡಿಸುವುದಿಲ್ಲ. ನೈಟ್ರೋಗ್ಲಿಸರಿನ್ ಮುಲಾಮೂ ಇದೆ, ಆದರೆ ಅದಕ್ಕೆ ತಲೆ ಸಿಡಿಯುತ್ತದೆ, ನಾನು ಅದನ್ನು ಮೊದಲಿಗೆ ಕೊಡುವುದಿಲ್ಲ.

ಜೊತೆಗೆ ಅಗಲ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ 10 ನಿಮಿಷ ಕೂರುವುದು, ಕಕ್ಕಸಿಗೆ ಹೋಗಿ ಬಂದ ಮೇಲಂತೂ ತಪ್ಪದೆ. ಬರೀ ನೀರು ಸಾಕು. ಡೆಟಾಲ್ ಸುರಿದುಕೊಂಡು ಸುಟ್ಟ ಚರ್ಮ ತೋರಿಸಲು ಬಂದವರನ್ನು ನೋಡಿದ್ದೇನೆ. ಮಲ ಮೆತ್ತಗಾಗಲು ಇಸಬ್‌ಗೋಲ್ 2 ಚಮಚ ತಗೊಂಡರೆ ಮೇಲೆ ದೊಡ್ಡ ಲೋಟ ನೀರು ಬೇಕೇ ಬೇಕು. ನೀರಿಲ್ಲದಿದ್ದರೆ ಅದೇ ಒಳಗೆ ಗಟ್ಟಿಯಾಗಿ ಕೂತು ತೊಂದರೆ ಕೊಡುತ್ತದೆ. ಮಿರ್ಚಿ ಬಗ್ಗೆ ಕೇಳಬೇಡಿ, ಮಂಡಕ್ಕಿ-ಮಿರ್ಚಿ ಬಿಡಿ ಅಂದರೆ ಈ ಊರಿನವರು ಡಾಕ್ಟರನ್ನೇ ಬಿಡುತ್ತಾರೆ. ಖಾರ ಹೊರಗೆ ಬರುವಾಗ ಉರಿಸುತ್ತದೆ ನಿಜ, ಗಾಯ ಮಾಯುವ ತನಕ ಕಡಿಮೆ ಮಾಡಿ. ಆದರೆ ಸೀಳಿದ್ದು ಗಟ್ಟಿ ಮಲ. ಬೇಸಿಗೆಯ ಬಿಸಿಲಿನಲ್ಲಿ ದಿನವಿಡೀ ಕ್ಯಾಬಿನ್‌ನಲ್ಲಿ ಕೂತು ಎರಡು ಲೋಟ ನೀರು ಕುಡಿದರೆ ಇನ್ನೇನಾಗುತ್ತದೆ?

ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇಷ್ಟರಲ್ಲೇ ವಾಸಿಯಾಗುತ್ತದೆ. ಆಗದವರಿಗೆ ಬೊಟಾಕ್ಸ್ ಇಂಜೆಕ್ಷನ್, ಅದು ಸ್ನಾಯುವನ್ನು ಸುಮಾರು 3 ತಿಂಗಳು ಸಡಿಲ ಇಡುತ್ತದೆ. ಇಲ್ಲವಾದರೆ ಆಪರೇಷನ್. ಒಳಗಿನ ಸ್ನಾಯುವಿನ ಒಂದು ಚಿಕ್ಕ ಭಾಗವನ್ನು ಪಕ್ಕದಿಂದ ಕೊಯ್ದು ಬಿಗಿ ಸಡಿಲಿಸುತ್ತೇವೆ, ಸಣ್ಣ ಕೆಲಸ, 100ಕ್ಕೆ 90ಕ್ಕೂ ಹೆಚ್ಚು ಜನಕ್ಕೆ ಗಾಯ ಮಾಯುತ್ತದೆ. ಆದರೆ ಕೆಲವರಿಗೆ ಗ್ಯಾಸ್ ತಡೆಯುವುದು ಕಷ್ಟವಾಗಬಹುದು. ಕಷ್ಟದ ಹೆರಿಗೆ ಆದ ಹೆಣ್ಣುಮಕ್ಕಳಲ್ಲಿ ಈ ಆಪರೇಷನ್‌ಗೆ ಮೊದಲು ನಾನು ಇನ್ನೂ ಹೆಚ್ಚು ಯೋಚಿಸುತ್ತೇನೆ. ಗೋಡೆ ಮೇಲೆ ‘ಒಂದೇ ಇಂಜೆಕ್ಷನ್, ಪೈಲ್ಸ್ ಮಾಯ’ ಅಂತ ಬರೆದ ಕಡೆ ಹೋಗಬೇಡಿ. ಅಲ್ಲಿಂದ ಕೀವು ತುಂಬಿಕೊಂಡು ಬಂದವರನ್ನು ರಾತ್ರೋರಾತ್ರಿ ಆಪರೇಷನ್ ಥಿಯೇಟರಿಗೆ ಹಾಕಿದ್ದೇನೆ.

ಸೀಳು ನಡುವೆ ಇಲ್ಲದೆ ಪಕ್ಕದಲ್ಲಿದ್ದರೆ, ತೂಕ ಇಳಿಯುತ್ತಿದ್ದರೆ, 40 ದಾಟಿದವರಿಗೆ ರಕ್ತ ಹೋಗುತ್ತಿದ್ದರೆ ಫಿಷರ್ ಅಂತ ಸುಮ್ನೆ ಕೂರಬಾರದು. ಕರುಳಿನ ಪರೀಕ್ಷೆ ಬೇಕಾಗಬಹುದು.

ಇನ್ನು ಬಾಣಂತಿಯರು. ಜಗಳೂರು ಕಡೆಯ ಒಂದು ಹುಡುಗಿ, ಹೆರಿಗೆಯಾಗಿ 25 ದಿನ, ಅವಳಿಗೂ ಇದೇ ಫಿಷರ್. ಊಟ ಬಿಸಿ ಅನ್ನ, ಬೆಳ್ಳುಳ್ಳಿ-ಮೆಣಸಿನ ಸಾರು. ಸೊಪ್ಪು, ಹಣ್ಣು ಶೀತ ಅಂತ ಇಲ್ಲ. ನೀರು ದಿನಕ್ಕೆ ಒಂದು ಚೊಂಬೂ ಇಲ್ಲ. ಮಗುವಿಗೆ ಹಾಲು ಕೊಡುತ್ತಾ ನೀರಿಲ್ಲದೆ ಇದ್ದರೆ ಕರುಳಿಗೆ ಏನು ಉಳಿಯುತ್ತದೆ? ಅತ್ತೆ ಜೊತೆಗೇ ಬಂದಿದ್ದರು. ‘ನೀರು ಕುಡಿದ್ರೆ ಹೊಟ್ಟೆ ಬರ್ತತಲ್ಲ ಡಾಕ್ಟ್ರೇ?’ ಅಂದರು. ‘ಕಾಯಿಸಿದ ನೀರು ಕೊಡ್ರಿ ಅಮ್ಮಾ, ಶೀತ ಆಗಲ್ಲ. ಹೊಟ್ಟೆ ಬಂದ್ರೆ ನನ್ನ ಹತ್ರ ಕರ್ಕೊಂಡು ಬರ್ರಿ’ ಅಂದೆ. ಮುಂದಿನ ವಾರ ಬಂದಾಗ ಅತ್ತೆಯ ಚೀಲದಲ್ಲಿ ಎರಡು ಲೀಟರಿನ ಫ್ಲಾಸ್ಕ್ ಇತ್ತು. ನನ್ನ ಮುಂದೆಯೇ ಲೋಟಕ್ಕೆ ಬಗ್ಗಿಸಿ ಸೊಸೆ ಕೈಗೆ ಕೊಟ್ಟು, ಹೊಟ್ಟೆಯ ಮೇಲೆ ಒಂದು ಕಣ್ಣಿಟ್ಟೇ ಕೂತಿದ್ದರು.