ಹದಿನೆಂಟರ ಕೆಳಗೆ ಸಾಲೇ ಇಲ್ಲ

ವಯಸ್ಕರ ಜಾಲತಾಣಗಳನ್ನು ಯಾರು ನೋಡುತ್ತಾರೆ ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೇರು ಸಾಮಾನ್ಯವಾಗಿ ಪೋರ್ನ್‌ಹಬ್‌ನ ವಾರ್ಷಿಕ ವರದಿಯಲ್ಲಿರುತ್ತದೆ. 2018ರಲ್ಲಿ ಅಮೆರಿಕ, ಬ್ರಿಟನ್ ಬಿಟ್ಟರೆ ಅತಿ ಹೆಚ್ಚು ಭೇಟಿ ಭಾರತದಿಂದ. ಜಗತ್ತಿನ ಒಟ್ಟು ನೋಡುಗರಲ್ಲಿ ಹೆಂಗಸರು ಆ ವರ್ಷ ಶೇ. 29, ಮರುವರ್ಷ ಶೇ. 32. ಮಾರುಕಟ್ಟೆ ಸಂಶೋಧನೆ ನನ್ನ ಕೆಲಸ. ಅಂಕಿ ನಂಬುವ ಮೊದಲು ಅದು ಬಂದ ದಾರಿ ನೋಡುತ್ತೇನೆ.

ಹೆಣ್ಣೋ ಗಂಡೋ, ವಯಸ್ಸೆಷ್ಟು ಎಂದು ಇಲ್ಲಿ ಯಾರನ್ನೂ ಕೇಳಿಲ್ಲ. ತಾಣಕ್ಕೆ ಬಂದ ಫೋನಿನಲ್ಲಿ ಬೇರೆ ಏನೇನು ನೋಡಿದ್ದಾರೆ ಎಂಬುದರ ಮೇಲೆ, ಜಾಲತಾಣಗಳ ಭೇಟಿ ಎಣಿಸುವ ಗೂಗಲ್ ಅನಲಿಟಿಕ್ಸ್ ಊಹಿಸುತ್ತದೆ. ಹಗಲು ಅಮ್ಮ ಅಡುಗೆ ವಿಡಿಯೊ ನೋಡಿದ ಫೋನು ರಾತ್ರಿ ಮಗನ ಕೈಗೆ ಹೋಗುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅಲ್ಲಿ ಎಣಿಕೆಯಾದ 'ಮಹಿಳೆ' ಯಾರು?

ವಯಸ್ಸಿನ ಕೋಷ್ಟಕ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಅದು ಶುರುವಾಗುವುದೇ 18–24ರಿಂದ. ಹದಿನಾಲ್ಕರ ಹುಡುಗ ಒಂದೋ ಲೆಕ್ಕದಿಂದ ಹೊರಗೆ, ಇಲ್ಲವೇ ದೊಡ್ಡವರ ಸಾಲಿನಲ್ಲಿ. ಸಾಲಿಲ್ಲ ಎಂದರೆ ಮಕ್ಕಳಿಲ್ಲ ಎಂದು ಓದಿಕೊಳ್ಳುವವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ.

ತಡೆ ಬಿದ್ದ ಮೇಲಿನ ಅಂಕಿಗಳನ್ನೂ ಹೀಗೇ ತಪ್ಪಾಗಿ ಓದುತ್ತಾರೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ಬೆನ್ನಲ್ಲಿ 827 ತಾಣಗಳಿಗೆ ತಡೆ ಬಿತ್ತು. ಫೋನು ಬೇರೆ ದೇಶದಲ್ಲಿದೆ ಎಂದು ತೋರಿಸುವ ವಿಪಿಎನ್ ಹಾಕಿಕೊಂಡ ಬೆಂಗಳೂರಿನವನು ಅಂದಿನಿಂದ ಸಿಂಗಾಪುರದವನಾಗಿ ಎಣಿಕೆಯಾಗಬಹುದು. ಅಮೆರಿಕದ ಲೂಸಿಯಾನದಲ್ಲಿ 2023ರಿಂದ ವಯಸ್ಸಿನ ದಾಖಲೆ ಕಡ್ಡಾಯವಾದಾಗ ತಮ್ಮ ತಾಣದ ಭೇಟಿ ಸುಮಾರು ಶೇ. 80 ಇಳಿಯಿತೆಂದು ಪೋರ್ನ್‌ಹಬ್‌ನ ಮಾಲೀಕ ಕಂಪನಿಯೇ ಹೇಳಿತು. ಗಿರಾಕಿ ಆ ಅಂಗಡಿ ಬಿಟ್ಟ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ದಾಖಲೆ ಕೇಳದ ಪಕ್ಕದ ಅಂಗಡಿಗೆ ಹೋದನೇ ಎಂಬುದು ಆ ಅಂಕಿಯಲ್ಲಿಲ್ಲ.

ದುಡ್ಡು ಕೊಡುವವರ ಲೆಕ್ಕ ಬೇರೆ. 2023ರ ನವೆಂಬರಿಗೆ ಮುಗಿದ ವರ್ಷದಲ್ಲಿ, ಚಂದಾ ಕೊಟ್ಟು ನೋಡುವ ತಾಣವಾದ ಓನ್ಲಿಫ್ಯಾನ್ಸ್‌ನಲ್ಲಿ ಅಭಿಮಾನಿಗಳ ಖಾತೆ 30 ಕೋಟಿಗೂ ಮೇಲೆ, ಅವರು ಕೊಟ್ಟದ್ದು ಸುಮಾರು 660 ಕೋಟಿ ಡಾಲರ್. ಭಾಗಿಸಿದರೆ ಖಾತೆಗೆ ವರ್ಷಕ್ಕೆ 22 ಡಾಲರ್ ಆಸುಪಾಸು. ಚಂದಾ ತಿಂಗಳ ಲೆಕ್ಕದ್ದೆಂದು ನೆನೆದರೆ, ಹೆಸರು ನೋಂದಾಯಿಸಿ ಸುಮ್ಮನಿರುವ ಖಾತೆಗಳು ಎಷ್ಟಿರಬೇಕು!

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅಶ್ಲೀಲತೆಯ ಕಾರಣಕ್ಕೆ ತಡೆದ 18 ಒಟಿಟಿಗಳಲ್ಲಿ ಒಂದರ ಆ್ಯಪ್ ಒಂದು ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿತ್ತು. ಅದು ಡೌನ್‌ಲೋಡ್‌ಗಳ ಸಂಖ್ಯೆ, ನೋಡುಗರದ್ದಲ್ಲ.

ಇಂಥ ವರದಿ ಸಿದ್ಧಮಾಡುವಾಗ ವಯಸ್ಸಿನ ಕೋಷ್ಟಕದ ಮೇಲೆ ನಾನೇ ಒಂದು ಸಾಲು ಸೇರಿಸುತ್ತೇನೆ: '18ಕ್ಕಿಂತ ಕೆಳಗೆ – ಅಳೆದಿಲ್ಲ'.